ತಯಾರಕರು ಮರೆತ ಬೋರ್ಡಿಗೆ ಹೊಸ ಲಿನಕ್ಸ್

ಚೀನಾದ ಶೆನ್‌ಝೆನ್‌ನಿಂದ 2015ರಲ್ಲಿ ಆರೆಂಜ್ ಪೈ ಪಿಸಿ ಎಂಬ ಬೋರ್ಡು ಮಾರುಕಟ್ಟೆಗೆ ಬಂದಾಗ ಅದರ ಬೆಲೆ 15 ಡಾಲರ್. ಉದ್ದ 85 ಮಿಲಿಮೀಟರ್, ಅಗಲ 55. ಅಷ್ಟರೊಳಗೆ ಆಲ್‌ವಿನ್ನರ್ ಕಂಪನಿಯ ಎಚ್3 ಎಂಬ ನಾಲ್ಕು ಕೋರಿನ ಚಿಪ್ಪು, 1 ಜಿಬಿ ರ‍್ಯಾಮ್, ಎಚ್‌ಡಿಎಂಐ, ಈಥರ್ನೆಟ್, ಯುಎಸ್‌ಬಿ ಎಲ್ಲವೂ ಇದ್ದವು. ರಾಸ್ಬೆರಿ ಪೈ ತೋರಿಸಿದ ದಾರಿಯಲ್ಲಿ ಇಂಥ ಹತ್ತಾರು ಬೋರ್ಡುಗಳು ಬಂದವು. ಬೆಲೆ ನೋಡಿ ನಾವೆಲ್ಲ ಕೊಂಡೆವು. ಕೊಂಡವರಲ್ಲಿ ಹೆಚ್ಚಿನವರು ಬೆಲೆಪಟ್ಟಿಯಲ್ಲಿ ನೋಡದೆ ಬಿಟ್ಟದ್ದು ಒಂದೇ: ಅದರ ಜೊತೆ ಬರುವ ಲಿನಕ್ಸ್ ಎಷ್ಟು ಹಳೆಯದು, ಅದನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬುದು.

ಎಚ್3 ಬೋರ್ಡುಗಳ ಜೊತೆ ಬಂದದ್ದು ಲಿನಕ್ಸಿನ ತಿರುಳಾದ ಕರ್ನಲ್ಲಿನ 3.4 ಆವೃತ್ತಿ. ಆ ಆವೃತ್ತಿಯ ಮೊದಲ ಬಿಡುಗಡೆ 2012ರ ಮೇ ತಿಂಗಳಲ್ಲಿ. ಅಂದರೆ ಹೊಚ್ಚ ಹೊಸ ಬೋರ್ಡು ಪೆಟ್ಟಿಗೆಯಿಂದ ಹೊರಬರುವಾಗಲೇ ಅದರ ತಂತ್ರಾಂಶಕ್ಕೆ ಮೂರು ವರ್ಷ ವಯಸ್ಸಾಗಿತ್ತು. 2016ರಲ್ಲಿ ಈ ಕರ್ನಲ್ಲಿನೊಳಗೆ ಒಂದು ಭಯಂಕರ ಲೋಪ ಸಿಕ್ಕಿತು. ಡೀಬಗ್ ಮಾಡಲೆಂದು ಚಿಪ್ ತಯಾರಕರ ಕೋಡಿನಲ್ಲಿ ಬಿಟ್ಟುಹೋಗಿದ್ದ ಒಂದು ಕಡತಕ್ಕೆ ‘ರೂಟ್‌ಮೈಡಿವೈಸ್’ ಎಂಬ ಪದ ಬರೆದರೆ ಸಾಕು, ಯಾವ ಸಾಧಾರಣ ಪ್ರೋಗ್ರಾಮಿಗೂ ಇಡೀ ಯಂತ್ರದ ಯಜಮಾನಿಕೆ ಸಿಕ್ಕಿಬಿಡುತ್ತಿತ್ತು. ಪಾಸ್‌ವರ್ಡ್ ಬೇಕಿರಲಿಲ್ಲ. ಆರ್ಂಬಿಯನ್ ಎಂಬ ಸಮುದಾಯ ಯೋಜನೆಯವರು ಕಾರ್ಡಿಗೆ ಬರೆಯಲು ತಾವು ಕೊಡುವ ಸಿದ್ಧ ಇಮೇಜುಗಳಲ್ಲಿ ಅದನ್ನು ಬೇಗನೆ ಮುಚ್ಚಿದರು. ತಯಾರಕರ ಇಮೇಜನ್ನೇ ನಂಬಿ ಕೂತವರ ಬೋರ್ಡಿನಲ್ಲಿ ಆ ಬಾಗಿಲು ತೆರೆದೇ ಉಳಿಯಿತು.

ಬೋರ್ಡಿನ ಚಿಪ್ಪಿಗೆ ಏನೂ ಆಗಿಲ್ಲ, ಇನ್ನೂ ಹತ್ತು ವರ್ಷ ದುಡಿಯುತ್ತದೆ. ಹಳಸಿದ್ದು ತಂತ್ರಾಂಶ. ಹಾಗಿದ್ದರೆ ಡೆಬಿಯನ್ನೋ ಆರ್ಚೋ, ಯಾವುದಾದರೊಂದು ಹೊಸ ಲಿನಕ್ಸ್ ಡಿಸ್ಟ್ರೊ ತಂದು ಹಾಕಿದರಾಯಿತಲ್ಲ ಎಂದು ಅನಿಸುವುದು ಸಹಜ. ಮೇಜಿನ ಮೇಲಿನ ಪಿಸಿಗೆ ನಾವು ಮಾಡುವುದು ಅದನ್ನೇ: ಒಂದೇ ಪೆನ್‌ಡ್ರೈವ್ ಯಾವ ಕಂಪನಿಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೂ ಲಿನಕ್ಸ್ ಏಳುತ್ತದೆ. ಈ ಸಣ್ಣ ಬೋರ್ಡುಗಳಲ್ಲಿ ಮಾತ್ರ ಡೌನ್‌ಲೋಡ್ ಪಟ್ಟಿಯಲ್ಲಿ ನಿಮ್ಮ ಬೋರ್ಡಿನ ಹೆಸರು ಇದೆಯೇ ಎಂದು ಹುಡುಕಬೇಕು. ಹೆಸರಿಲ್ಲದಿದ್ದರೆ ‘ಬೆಂಬಲ ಇಲ್ಲ’ ಎಂಬ ಉತ್ತರ. ಈ ‘ಇಲ್ಲ’ ನಿಜಕ್ಕೂ ಅನ್ವಯಿಸುವುದು ಎಷ್ಟು ಭಾಗಕ್ಕೆ ಎಂದು ತಿಳಿದವರಿಗೆ ದಾರಿ ತೆರೆದುಕೊಳ್ಳುತ್ತದೆ.

ಪಿಸಿಯಲ್ಲಿ ಯಂತ್ರಾಂಶ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ. ಯುಇಎಫ್‌ಐ ಎಂಬ ಫರ್ಮ್‌ವೇರ್ ಮೊದಲು ಎದ್ದು, ಯಂತ್ರದಲ್ಲಿ ಏನೇನಿದೆ ಎಂಬ ಕೋಷ್ಟಕಗಳನ್ನು ಸಿದ್ಧಪಡಿಸಿ ಕರ್ನಲ್ ಕೈಗೆ ಕೊಡುತ್ತದೆ. ಪಿಸಿಐ ಬಸ್ಸಿನಲ್ಲಿ ಕೂತ ಪ್ರತಿ ಕಾರ್ಡೂ ಕೇಳಿದರೆ ತನ್ನ ತಯಾರಕರ ಸಂಖ್ಯೆ, ಮಾದರಿ ಸಂಖ್ಯೆ ಹೇಳುತ್ತದೆ. ಈ ಸಣ್ಣ ಬೋರ್ಡುಗಳಲ್ಲಿರುವ ಆರ್ಮ್ ಚಿಪ್ಪುಗಳ ಒಳಗಿನ ಘಟಕಗಳಿಗೆ ಈ ಅಭ್ಯಾಸ ಇಲ್ಲ. ಸೀರಿಯಲ್ ಪೋರ್ಟು ಮೆಮೊರಿಯ ಯಾವುದೋ ಒಂದು ವಿಳಾಸದಲ್ಲಿ ಸುಮ್ಮನೆ ಕೂತಿರುತ್ತದೆ. ಅದು ಅಲ್ಲಿದೆ ಎಂದು ಕರ್ನಲ್ಲಿಗೆ ಬೇರೆ ಯಾರಾದರೂ ಹೇಳಬೇಕು. ಹೇಳದೆ ಸುಮ್ಮನೆ ತಡಕಿದರೆ ಯಂತ್ರವೇ ಸ್ತಬ್ಧವಾಗಬಹುದು.

ಮೊದಲೆಲ್ಲ ಪ್ರತಿ ಬೋರ್ಡಿಗೂ ಒಂದೊಂದು ಸಿ ಕಡತ ಬರೆದು ಕರ್ನಲ್ಲಿನೊಳಗೇ ತುರುಕುತ್ತಿದ್ದರು. 2011ರಲ್ಲಿ ಲಿನಕ್ಸಿನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಈ ರಾಶಿಯನ್ನು ನೋಡಿ ಬಹಿರಂಗವಾಗಿಯೇ ಸಿಡಿಮಿಡಿಗೊಂಡರು. ಆಮೇಲೆ ಆರ್ಮ್ ಲೋಕ ‘ಡಿವೈಸ್ ಟ್ರೀ’ ಎಂಬ ಪದ್ಧತಿಗೆ ಹೊರಳಿತು. ಇದು ಸನ್ ಮತ್ತು ಐಬಿಎಂ ಯಂತ್ರಗಳ ಓಪನ್ ಫರ್ಮ್‌ವೇರ್ ಕಾಲದ ವಿಚಾರ. ಬೋರ್ಡಿನ ವಿವರವೆಲ್ಲ ಕರ್ನಲ್ಲಿನ ಹೊರಗೆ ಒಂದು ಪ್ರತ್ಯೇಕ ಕಡತದಲ್ಲಿರುತ್ತದೆ. ಕರ್ನಲ್ ಏಳುವಾಗ ಅದನ್ನು ಓದಿಕೊಳ್ಳುತ್ತದೆ.

ಈ ಕಡತದ ಒಳಗೆ ಏನಿರುತ್ತದೆ ಎಂದು ಹತ್ತಿರದಿಂದ ನೋಡಬೇಕು. ಆರೆಂಜ್ ಪೈ ಪಿಸಿಯ ಕಡತ ತೆರೆದರೆ ಹಸಿರು ದೀಪ ಚಿಪ್ಪಿನ ಪಿಎಲ್10 ಎಂಬ ಕಾಲಿಗೆ (ಪಿನ್ನಿಗೆ), ಕೆಂಪು ದೀಪ ಪಿಎ15 ಎಂಬ ಕಾಲಿಗೆ ಜೋಡಣೆಯಾಗಿದೆ ಎಂಬ ಸಾಲುಗಳು ಸಿಗುತ್ತವೆ. ಇನ್ನೂ ಕೆಳಗೆ ಪ್ರೊಸೆಸರಿಗೆ ವೋಲ್ಟೇಜ್ ಕೊಡುವ ಚಿಪ್ಪಿನ ಹೆಸರಿದೆ: ಎಸ್‌ವೈ8106ಎ. ಅದು ಐ2ಸಿ ತಂತಿಯ ಮೇಲೆ ಕೂತು, ಹೇಳಿದಷ್ಟು ವೋಲ್ಟನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಕೊಡುತ್ತದೆ. ಅದೇ ಕಂಪನಿಯ ಆರೆಂಜ್ ಪೈ ಒನ್ ಬೋರ್ಡಿನಲ್ಲೂ ಅದೇ ಎಚ್3 ಚಿಪ್ಪು. ಆದರೆ ಅದರಲ್ಲಿರುವ ವೋಲ್ಟೇಜ್ ಚಿಪ್ಪು ಅಗ್ಗದ್ದು, ಅದಕ್ಕೆ ಗೊತ್ತಿರುವುದು 1.1 ಮತ್ತು 1.3 ಎಂಬ ಎರಡೇ ಮಟ್ಟ. ಒಂದು ಕಾಲನ್ನು ಮೇಲೆ ಕೆಳಗೆ ಮಾಡಿ ಅದನ್ನು ನಡೆಸಬೇಕು. ಒಂದರ ಕಡತವನ್ನು ಇನ್ನೊಂದಕ್ಕೆ ಕೊಟ್ಟರೆ ಲಿನಕ್ಸ್ ಏಳಲೂಬಹುದು. ಆದರೆ ವೇಗ ಏರಿಸುವ ಹೊತ್ತಿಗೆ ವೋಲ್ಟೇಜ್ ಏರದೆ ಯಂತ್ರ ಕುಸಿಯಬಹುದು, ಇಲ್ಲವೇ ಕಡಿಮೆ ವೇಗದಲ್ಲೇ ತೆವಳಬಹುದು. ‘ಅದೇ ಚಿಪ್ಪು ತಾನೇ’ ಎನ್ನುವ ಧೈರ್ಯ ಇಲ್ಲಿ ಸಾಲದು.

ಡಿವೈಸ್ ಟ್ರೀ ಬರುವುದು ಮೂರನೆಯ ಹಂತದಲ್ಲಿ. ಅದಕ್ಕಿಂತ ಮುಂಚೆ ಇನ್ನೂ ಎರಡು ಹಂತಗಳಿವೆ. ಕರೆಂಟು ಕೊಟ್ಟ ಕೂಡಲೇ ಎಚ್3 ಒಳಗೆ ಕಾರ್ಖಾನೆಯಲ್ಲೇ ಕೆತ್ತಿದ ಒಂದು ಪುಟ್ಟ ಪ್ರೋಗ್ರಾಂ ಎದ್ದು, ಎಸ್‌ಡಿ ಕಾರ್ಡಿನ ಮೊದಲ 8 ಕಿಲೋಬೈಟ್ ಬಿಟ್ಟು ಅದರಾಚೆ ನೋಡುತ್ತದೆ. ಅಲ್ಲಿ ತನಗೆ ಬೇಕಾದ ಗುರುತು ಕಂಡರೆ 32 ಕಿಲೋಬೈಟ್ ಮೀರದ ಒಂದು ತುಣುಕನ್ನು ಚಿಪ್ಪಿನೊಳಗಿನ ಸಣ್ಣ ಮೆಮೊರಿಗೆ ಎತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಬೋರ್ಡಿನ 1 ಜಿಬಿ ರ‍್ಯಾಮ್ ಇನ್ನೂ ಎಚ್ಚೆತ್ತಿರುವುದಿಲ್ಲ. ಅದನ್ನು ಎಬ್ಬಿಸುವುದೇ ಈ ತುಣುಕಿನ ಕೆಲಸ. ರ‍್ಯಾಮ್ ಎದ್ದ ಮೇಲೆ ಯು-ಬೂಟ್ ಎಂಬ ಪೂರ್ಣ ಬೂಟ್‌ಲೋಡರ್ ಬಂದು ಕರ್ನಲ್ಲನ್ನೂ ಡಿವೈಸ್ ಟ್ರೀಯನ್ನೂ ಹುಡುಕಿ ಕೊಡುತ್ತದೆ. ರಾಕ್‌ಚಿಪ್ ಕಂಪನಿಯ ಚಿಪ್ಪುಗಳು ಇದೇ ಕೆಲಸಕ್ಕೆ ಕಾರ್ಡಿನ 32ನೇ ಕಿಲೋಬೈಟಿನಲ್ಲಿ ನೋಡುತ್ತವೆ. ರಾಸ್ಬೆರಿ ಪೈಯ ವಿಧಾನ ಇವೆರಡಕ್ಕಿಂತಲೂ ಬೇರೆ.

ಬೋರ್ಡಿಗೆ ಅಂಟಿಕೊಂಡ ಭಾಗ ಇಷ್ಟೇ: ಬೂಟ್‌ಲೋಡರ್, ಕರ್ನಲ್, ಡಿವೈಸ್ ಟ್ರೀ, ಜೊತೆಗೆ ವೈಫೈ ಚಿಪ್ಪಿನಂಥವಕ್ಕೆ ಬೇಕಾದ ಫರ್ಮ್‌ವೇರ್ ಕಡತಗಳು. ಉಳಿದದ್ದೆಲ್ಲ, ಅಂದರೆ ಡೆಬಿಯನ್ನಿನ 60 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳು, ಬೋರ್ಡು ಯಾವುದೆಂದು ಕೇಳುವುದೇ ಇಲ್ಲ. ಪ್ರೊಸೆಸರು 32 ಬಿಟ್ಟೋ 64 ಬಿಟ್ಟೋ ಎಂಬುದಷ್ಟೇ ಅವಕ್ಕೆ ಮುಖ್ಯ. ಕರ್ನಲ್ ಮತ್ತು ಪ್ರೋಗ್ರಾಮುಗಳ ನಡುವಿನ ಒಪ್ಪಂದವನ್ನು ಲಿನಕ್ಸ್ ಬರೆಯುವವರು ಬಹಳ ನಿಷ್ಠೆಯಿಂದ ಕಾಯುತ್ತಾರೆ. ನಿನ್ನೆ ಓಡಿದ ಪ್ರೋಗ್ರಾಂ ನಾಳಿನ ಕರ್ನಲ್ ಮೇಲೂ ಓಡಬೇಕು ಎಂಬುದು ಅವರಲ್ಲಿ ಕಟ್ಟಾಜ್ಞೆ. ಕರ್ನಲ್ಲಿನೊಳಗಿನ ಡ್ರೈವರುಗಳಿಗೆ ಮಾತ್ರ ಅಂಥ ಭರವಸೆ ಇಲ್ಲ. ಒಳಗಿನ ರಚನೆ ಪ್ರತಿ ಬಿಡುಗಡೆಯಲ್ಲೂ ಬದಲಾಗುತ್ತದೆ. ತಯಾರಕರು 3.4ಕ್ಕೆ ಬರೆದ ಡ್ರೈವರು 3.4ರಲ್ಲೇ ಸಿಕ್ಕಿಬೀಳುವುದು ಇದರಿಂದಲೇ. ಮೇಲಿನ ಡಿಸ್ಟ್ರೊವನ್ನು ನಾವು ಬದಲಾಯಿಸಬಲ್ಲದ್ದೂ ಇದರಿಂದಲೇ. ನಾಟಿ ಮಾವಿನ ಬೇರಿಗೆ ಬಾದಾಮಿ ಮಾವಿನ ಕುಡಿ ಕಸಿ ಕಟ್ಟಿದ ಹಾಗೆ, ಕೆಳಗಿನದ್ದು ಈ ಬೋರ್ಡಿನದು, ಮೇಲಿನದು ನಮ್ಮ ಇಷ್ಟದ್ದು.

ಡೆಬಿಯನ್ ತನ್ನ ಎಸ್‌ಡಿ ಕಾರ್ಡ್ ಇನ್‌ಸ್ಟಾಲರನ್ನು ಇದೇ ತಿಳಿವಳಿಕೆಯ ಮೇಲೆ ಕಟ್ಟಿದೆ. ಪ್ರತಿ ಬೋರ್ಡಿಗೆ ಒಂದು ಸಣ್ಣ ಫರ್ಮ್‌ವೇರ್ ಕಡತ, ಎಲ್ಲ ಬೋರ್ಡುಗಳಿಗೂ ಒಂದೇ ದೊಡ್ಡ ಕಡತ. ಎರಡನ್ನೂ ಒಂದರ ಹಿಂದೆ ಒಂದು ಅಂಟಿಸಿ ಕಾರ್ಡಿಗೆ ಬರೆದರೆ ಆಯಿತು. ಪಟ್ಟಿಯಲ್ಲಿ ಇಲ್ಲದ ಬೋರ್ಡಿಗೆಂದೇ ಬೂಟ್‌ಲೋಡರ್ ಇಲ್ಲದ ಒಂದು ಖಾಲಿ ಮೊದಲ ಕಡತವನ್ನೂ ಇಟ್ಟಿದ್ದಾರೆ. ಯು-ಬೂಟನ್ನು ನೀವೇ ಕಟ್ಟಿಕೊಂಡು ಸರಿಯಾದ ಜಾಗಕ್ಕೆ ಬರೆಯಬಹುದು. ನನ್ನ ಮಟ್ಟಿಗೆ ಇಡೀ ಆರ್ಮ್ ಲೋಕದಲ್ಲಿ ಇಷ್ಟು ಸ್ವಚ್ಛವಾದ ವಿನ್ಯಾಸ ಮತ್ತೊಂದಿಲ್ಲ.

ಯು-ಬೂಟ್ ಕಟ್ಟುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಅಂಥವರಿಗೆ ಡಯಟ್‌ಪೈ ಒಳ್ಳೆಯ ದಾರಿ. ಇದು ಡೆಬಿಯನ್ ಮೇಲೆಯೇ ನಿಂತ ಹಗುರ ಡಿಸ್ಟ್ರೊ. ಲಾಗ್ ಕಡತಗಳನ್ನು ರ‍್ಯಾಮಿನಲ್ಲೇ ಇಟ್ಟು ಎಸ್‌ಡಿ ಕಾರ್ಡು ಬೇಗ ಸವೆಯದಂತೆ ನೋಡಿಕೊಳ್ಳುತ್ತದೆ. ಅದರ ಸಿದ್ಧ ಇಮೇಜುಗಳಲ್ಲಿ ನಿಮ್ಮ ಬೋರ್ಡು ಇಲ್ಲದಿದ್ದರೂ ಅವರು ಒಂದು ಸ್ಕ್ರಿಪ್ಟು ಕೊಡುತ್ತಾರೆ. ಬೋರ್ಡಿನ ಮೇಲೆ ಡೆಬಿಯನ್ ಆಧಾರಿತ ಇಮೇಜ್ ಯಾವುದಾದರೂ ಒಂದು ಓಡುತ್ತಿದ್ದರೆ ಸಾಕು. ರೂಟ್ ಆಗಿ ಒಳಹೋಗಿ ಸ್ಕ್ರಿಪ್ಟು ಓಡಿಸಿದರೆ ಬೋರ್ಡು ಯಾವುದೆಂದು ಕೇಳುತ್ತದೆ. ಹೆಸರಿಲ್ಲದಿದ್ದರೆ ‘ಸಾಮಾನ್ಯ ಸಾಧನ’ ಎಂಬ ಆಯ್ಕೆ ಇದೆ. ಮುಂದೆ ಅದು ಬೇಡದ ಪ್ಯಾಕೇಜುಗಳನ್ನು ಕಿತ್ತು, ತನ್ನವನ್ನು ಹಾಕಿ, ಕೆಳಗಿನ ಕರ್ನಲ್ಲನ್ನೂ ಬೂಟ್‌ಲೋಡರನ್ನೂ ಇದ್ದಂತೆಯೇ ಬಿಡುತ್ತದೆ.

ಆರ್ಚ್, ಆಲ್ಪೈನ್, ವಾಯ್ಡ್ ಬೇಕೆನ್ನುವವರು ಕೈಯಾರೆ ಕಸಿ ಮಾಡಬೇಕು. ಮೊದಲು ಓಡುತ್ತಿರುವ ಕಾರ್ಡಿನ ಪೂರ್ತಿ ನಕಲು ತೆಗೆದಿಡಿ, ಇದನ್ನು ಮಾತ್ರ ಯಾವತ್ತೂ ಬಿಡಬೇಡಿ. ಆಮೇಲೆ ರೂಟ್ ಪಾರ್ಟಿಶನ್ನಿನ ಹಳೆಯದನ್ನು ಅಳಿಸಿ ಹೊಸ ಡಿಸ್ಟ್ರೊದ ಕಟ್ಟನ್ನು ಅಲ್ಲಿ ಬಿಚ್ಚಿ, ಹಳೆಯ ಇಮೇಜಿನ ಬೂಟ್ ಫೋಲ್ಡರು, ಕರ್ನಲ್ ಮಾಡ್ಯೂಲುಗಳು, ಫರ್ಮ್‌ವೇರ್ ಇವನ್ನು ವಾಪಸ್ ತಂದಿಡಬೇಕು. ಮಾಡ್ಯೂಲುಗಳನ್ನು ಮರೆತರೆ ಬೋರ್ಡು ಏಳುತ್ತದೆ, ಆದರೆ ವೈಫೈ ಇರುವುದಿಲ್ಲ, ಕೆಲವೊಮ್ಮೆ ಈಥರ್ನೆಟ್ಟೂ ಇರುವುದಿಲ್ಲ. ಪಾರ್ಟಿಶನ್ನಿನ ಗುರುತಿನ ಸಂಖ್ಯೆ ಬದಲಾಗಿದ್ದರೆ ಬೂಟ್ ಸಂರಚನೆಯಲ್ಲೂ ಎಫ್‌ಎಸ್‌ಟ್ಯಾಬ್ ಕಡತದಲ್ಲೂ ತಿದ್ದಬೇಕು. ಇನ್ನೊಂದು ಮಿತಿ: ಕರ್ನಲ್ ತೀರಾ ಹಳೆಯದಾಗಿದ್ದರೆ, ಡಿಸ್ಟ್ರೊದ ಸೇವೆಗಳನ್ನು ಎಬ್ಬಿಸುವ ಹೊಸ ಸಿಸ್ಟಮ್‌ಡಿ ಅದರ ಮೇಲೆ ಓಡಲು ಒಪ್ಪುವುದಿಲ್ಲ. ಫೆಡೋರಾ 2022ರ ತನ್ನ 37ನೇ ಆವೃತ್ತಿಯಿಂದ 32 ಬಿಟ್ ಆರ್ಮನ್ನೇ ಕೈಬಿಟ್ಟಿದೆ, ಹಾಗಾಗಿ ಎಚ್3ಗೆ ಆ ದಾರಿ ಮುಚ್ಚಿದೆ.

ಈ ಕೆಲಸಕ್ಕೆ ಇಳಿಯುವ ಮುನ್ನ ಕೊಳ್ಳಲೇಬೇಕಾದ ವಸ್ತು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೇ ಸಿಗುತ್ತದೆ. 3.3 ವೋಲ್ಟಿನದ್ದೇ ಎಂದು ಖಚಿತಪಡಿಸಿಕೊಳ್ಳಿ, 5 ವೋಲ್ಟಿನದು ಚಿಪ್ಪಿನ ಕಾಲನ್ನು ಸುಡಬಹುದು. ಮೂರೇ ತಂತಿ: ಗ್ರೌಂಡಿಗೆ ಗ್ರೌಂಡ್, ಇತ್ತಲಿನ ಟಿಎಕ್ಸ್ ಅತ್ತಲಿನ ಆರ್‌ಎಕ್ಸ್‌ಗೆ, ಇತ್ತಲಿನ ಆರ್‌ಎಕ್ಸ್ ಅತ್ತಲಿನ ಟಿಎಕ್ಸ್‌ಗೆ. ವೇಗ ಆಲ್‌ವಿನ್ನರಿಗೆ ಸಾಮಾನ್ಯವಾಗಿ 1,15,200, ರಾಕ್‌ಚಿಪ್ಪಿಗೆ ಬಹುಪಾಲು 15,00,000. ಟಿವಿ ಪರದೆ ಕಪ್ಪಾಗಿಯೇ ಇರುವಾಗ ಈ ಮೂರು ತಂತಿಗಳಲ್ಲಿ ಬೋರ್ಡು ಮಾತಾಡುತ್ತದೆ. ಏನೂ ಬಾರದಿದ್ದರೆ ಬೂಟ್‌ಲೋಡರ್ ತಪ್ಪು ಜಾಗದಲ್ಲಿರಬಹುದು. ಮೊದಲ ಸಾಲು ಬಂದು ರ‍್ಯಾಮಿನ ಗಾತ್ರ ಹೇಳುವಲ್ಲಿ ನಿಂತರೆ ಮೆಮೊರಿಯ ಸಂರಚನೆ ಹೊಂದುತ್ತಿಲ್ಲ. ‘ಸ್ಟಾರ್ಟಿಂಗ್ ಕರ್ನಲ್’ ಎಂದು ಬರೆದು ಮೌನವಾದರೆ ಡಿವೈಸ್ ಟ್ರೀ ತಪ್ಪಿರಬಹುದು, ಇಲ್ಲವೇ ಕರ್ನಲ್ ಎದ್ದೇ ಇದ್ದು ಬೇರೆ ಪೋರ್ಟಿನಲ್ಲಿ ಮಾತಾಡುತ್ತಿರಬಹುದು. ಬೂಟ್ ಸಾಲಿನಲ್ಲಿ ಕನ್ಸೋಲಿನ ಹೆಸರು ಸರಿಮಾಡಿದರೆ ಎಷ್ಟೋ ಸಲ ಅಷ್ಟರಲ್ಲೇ ಪರಿಹಾರ ಸಿಗುತ್ತದೆ.

ಬೋರ್ಡು ಶಾಶ್ವತವಾಗಿ ಸತ್ತುಹೋದರೆ ಎಂಬ ಅಂಜಿಕೆ ಹೊಸಬರನ್ನು ಬಹಳ ಕಾಡುತ್ತದೆ. ಕಾರ್ಡಿಗೆ ಏನೇ ತಪ್ಪು ಬರೆದರೂ ಚಿಪ್ಪಿನಲ್ಲಿ ಕೆತ್ತಿದ ಮೊದಲ ಪ್ರೋಗ್ರಾಂ ಅಳಿಯುವುದಿಲ್ಲ. ಆಲ್‌ವಿನ್ನರಿನಲ್ಲಿ ಬೂಟ್ ಮಾಡಲು ಏನೂ ಸಿಗದಿದ್ದಾಗ ಅದು ಯುಎಸ್‌ಬಿ ಮೂಲಕ ಕಾಯುತ್ತ ಕೂರುತ್ತದೆ, ಇದಕ್ಕೆ ಫೆಲ್ ಮೋಡ್ ಎನ್ನುತ್ತಾರೆ. ರಾಕ್‌ಚಿಪ್ಪಿನಲ್ಲಿ ಇದರ ಹೆಸರು ಮಾಸ್ಕ್‌ರಾಮ್. ಪಿಸಿಯಿಂದ ತಂತಿ ಹಾಕಿ ಮತ್ತೆ ಎಬ್ಬಿಸಬಹುದು. ಎಚ್ಚರ ಬೇಕಿರುವುದು ವೋಲ್ಟೇಜಿನ ಸಾಲುಗಳನ್ನು ತಿದ್ದುವಾಗ ಮಾತ್ರ.

ಕಸಿಗೆ ಒಂದು ಬೆಲೆಯಿದೆ, ಅದನ್ನು ಮುಚ್ಚಿಡಬಾರದು. ಹೊಸ ಡಿಸ್ಟ್ರೊ ಅಪ್‌ಡೇಟ್ ಮಾಡುವಾಗ ತನ್ನದೇ ಕರ್ನಲ್ ತಂದು ಹಾಕಿದರೆ ಬೋರ್ಡು ಏಳದೆ ಹೋಗಬಹುದು. ಅದಕ್ಕಾಗಿ ಕರ್ನಲ್ ಪ್ಯಾಕೇಜನ್ನು ತಡೆಹಿಡಿಯುತ್ತೇವೆ. ತಡೆಹಿಡಿದ ಕರ್ನಲ್ಲಿಗೆ ಭದ್ರತೆಯ ತೇಪೆಗಳು ಬರುವುದಿಲ್ಲ. ಬ್ರೌಸರು, ಓಪನ್ ಎಸ್‌ಎಸ್‌ಎಚ್ ಎಲ್ಲ ಹೊಸತು, ಕೆಳಗೆ 2012ರ ಕರ್ನಲ್ ಎಂಬ ಸ್ಥಿತಿಯಲ್ಲಿ ರೂಟ್‌ಮೈಡಿವೈಸ್‌ನಂಥ ಬಾಗಿಲು ಹಾಗೆಯೇ ಇರುತ್ತದೆ. ಅಂಥ ಬೋರ್ಡನ್ನು ಮನೆಯೊಳಗಿನ ಹಾಡಿನ ಸರ್ವರಿಗೆ ಬಳಸಿ, ಅಂತರಜಾಲಕ್ಕೆ ನೇರವಾಗಿ ತೆರೆದಿಡಬೇಡಿ.

ಇದಕ್ಕೆ ನಿಜವಾದ ಮದ್ದು ಬೋರ್ಡಿನ ವಿವರ ಟೊರ್ವಾಲ್ಡ್ಸ್ ಅವರ ಮುಖ್ಯ ಕರ್ನಲ್ಲಿಗೇ ಸೇರುವುದು. ಎಚ್3 ವಿಷಯದಲ್ಲಿ ಈ ಕೆಲಸವನ್ನು ಮಾಡಿದ್ದು ಲಿನಕ್ಸ್-ಸನ್‌ಕ್ಸಿ ಎಂಬ ಹವ್ಯಾಸಿಗಳ ಬಳಗ. ಚಿಪ್ಪಿನ ದಾಖಲೆ ಅರೆಬರೆ ಇದ್ದಾಗಲೂ ಒಂದೊಂದೇ ಘಟಕ ಬಿಡಿಸಿ ಬರೆದರು. ಈಥರ್ನೆಟ್ ಡ್ರೈವರು 4.13ರ ಹೊತ್ತಿಗೆ ಒಳಬಂದು, ವಾಪಸ್ ಹೋಗಿ, 4.15ರಲ್ಲಿ ನೆಲೆ ನಿಂತಿತು. ಮಾಲಿ ಗ್ರಾಫಿಕ್ಸಿಗೆ ತಯಾರಕರ ಮುಚ್ಚಿದ ಡ್ರೈವರಿನ ಬದಲು ಲಿಮಾ, ಪ್ಯಾನ್‌ಫ್ರಾಸ್ಟ್ ಎಂಬ ಮುಕ್ತ ಡ್ರೈವರುಗಳು 2019ರಲ್ಲಿ 5.2ಕ್ಕೆ ಸೇರಿದವು. ತಯಾರಕರು ಮಾರಿ ಕೈತೊಳೆದುಕೊಂಡ ವಸ್ತುವಿಗೆ ಸಂಬಳವಿಲ್ಲದ ಎಷ್ಟೋ ಜನ ವರ್ಷಗಟ್ಟಲೆ ದುಡಿದರು. ಇಂದು ಆರೆಂಜ್ ಪೈ ಪಿಸಿಯಲ್ಲಿ ಡೆಬಿಯನ್ನಿನ ಸ್ವಂತ ಕರ್ನಲ್ಲೇ ಓಡುತ್ತದೆ, ಕಸಿಯ ಅಗತ್ಯವೇ ಇಲ್ಲ. ಗುಬ್ಬಿ, ನವಿಲು ಎಂಬ ಎರಡು ಕನ್ನಡ ಅಕ್ಷರವಿನ್ಯಾಸಗಳು ಡೆಬಿಯನ್ನಿನ ಪ್ಯಾಕೇಜುಗಳಲ್ಲೇ ಇವೆ. ಅವನ್ನು ಹಾಕಿಕೊಂಡರೆ ಆ 15 ಡಾಲರಿನ ಬೋರ್ಡು ಕನ್ನಡ ಓದಿಸುವ ಕಂಪ್ಯೂಟರೂ ಆಗುತ್ತದೆ.

ಅದೇ ಎಚ್3 ಚಿಪ್ಪು ಕೂತಿರುವ, ಹೆಸರೇ ಇಲ್ಲದ ಟಿವಿ ಪೆಟ್ಟಿಗೆಗಳು ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಅವುಗಳ ಒಳಗಿನ ಆಂಡ್ರಾಯ್ಡಿನಲ್ಲಿ ಬೋರ್ಡಿನ ವಿವರ ಇದ್ದೇ ಇರುತ್ತದೆ. ಅದನ್ನು ಹೊರತೆಗೆದು, ಹತ್ತಿರದ ಬೋರ್ಡಿನ ಡಿವೈಸ್ ಟ್ರೀಯನ್ನು ಮುಂದಿಟ್ಟುಕೊಂಡು, ದೀಪ ಯಾವ ಕಾಲಿಗೆ, ವೋಲ್ಟೇಜ್ ಚಿಪ್ಪು ಯಾವುದು, ಎಸ್‌ಡಿ ಕಾರ್ಡು ಸಿಕ್ಕಿಸಿದ್ದನ್ನು ಹೇಳುವ ಕಾಲು ಎಲ್ಲಿ ಎಂದು ಒಂದೊಂದೇ ಸರಿಪಡಿಸಬೇಕು. ಚಿಪ್ಪಿಗೆ ಸಂಬಂಧಿಸಿದ್ದೆಲ್ಲ ಈಗಾಗಲೇ ಬೇರೆ ಕಡತದಲ್ಲಿರುವುದರಿಂದ ನೀವು ಬರೆಯಬೇಕಾದ್ದು ಬಹುಪಾಲು ನೂರಿನ್ನೂರು ಸಾಲು. ಅದನ್ನು ಕರ್ನಲ್ಲಿನ ಪರಿಶೀಲಕರಿಗೆ ಕಳಿಸಿದರೆ ಖಾಲಿ ಜಾಗ, ಹೆಸರಿಡುವ ರೀತಿ ಎಂದು ಎರಡು ಮೂರು ಸುತ್ತು ವಾಪಸ್ ಬರುತ್ತದೆ. ಬೇಸರಿಸದೆ ತಿದ್ದಿ ಕಳಿಸಿ. ಒಪ್ಪಿಗೆಯಾದ ಕಡತ ಮುಂದಿನ ಬಿಡುಗಡೆಯಲ್ಲಿ ಮುಖ್ಯ ಕರ್ನಲ್ಲಿಗೆ ಸೇರುತ್ತದೆ. ಅಲ್ಲಿಂದ ಡೆಬಿಯನ್, ಆರ್ಚ್, ಆರ್ಂಬಿಯನ್ ಎಲ್ಲದಕ್ಕೂ ತಾನಾಗಿ ಇಳಿಯುತ್ತದೆ. ಅದೇ ಪೆಟ್ಟಿಗೆ ಇಟ್ಟುಕೊಂಡ ಇನ್ನೊಬ್ಬರು ಆಮೇಲೆ ಯು-ಬೂಟ್ ಒಂದನ್ನು ಕಾರ್ಡಿಗೆ ಬರೆದು ನೇರವಾಗಿ ಡೆಬಿಯನ್ ಹಾಕಿಕೊಳ್ಳಬಹುದು.