ಒಂದೇ ಬಾಗಿಲು, ಎರಡು ಮನೆ

ವಠಾರದ ಬದುಕು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬೀದಿಗೆ ಒಂದೇ ಬಾಗಿಲು, ಒಳಗೆ ನಾಲ್ಕಾರು ಮನೆ. ಅಡುಗೆ ಅವರವರದು, ನಲ್ಲಿ ಮಾತ್ರ ಎಲ್ಲರಿಗೂ ಒಂದೇ. ಮದುವೆಯಾಗಿ ಚಾಮರಾಜಪೇಟೆಗೆ ಬಂದ ನಾನು ಹನ್ನೊಂದು ವರ್ಷ ಅಂಥ ವಠಾರದಲ್ಲೇ ಇದ್ದೆ. ಕಂಪ್ಯೂಟರಿನೊಳಗೂ ವಠಾರ ಕಟ್ಟಬಹುದೆಂದು ಈ 72ನೇ ವಯಸ್ಸಿನಲ್ಲಿ ನನಗೆ ತೋರಿಸಿಕೊಟ್ಟವನು ಒಂಬತ್ತನೇ ತರಗತಿಯ ನನ್ನ ಮೊಮ್ಮಗ.

ನಮ್ಮ ಮನೆಯ ಕಂಪ್ಯೂಟರ್ ಯಜಮಾನರದು. ನಿವೃತ್ತರಾದ ಮೇಲೆ ‘ನುಡಿ’ ತಂತ್ರಾಂಶದಲ್ಲಿ ಟೈಪಿಂಗ್ ಕಲಿತು, ತಮ್ಮ ಬಾಲ್ಯದ ನೆನಪುಗಳನ್ನು ಅದರಲ್ಲಿ ಬರೆದಿಟ್ಟಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷ. ಆ ಫೈಲುಗಳನ್ನು ತೆರೆಯಲು ನನಗೆ ಧೈರ್ಯ ಬಂದಿರಲಿಲ್ಲ.

ಅಷ್ಟರಲ್ಲಿ, 2025ರ ಅಕ್ಟೋಬರ್ 14ಕ್ಕೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ನಮ್ಮದರಲ್ಲಿ ಎರಡೂ ಇಲ್ಲ. ನೋಡಲು ಬಂದ ರಿಪೇರಿಯವರು “ಗುಜರಿಗೆ ಹಾಕಿಬಿಡಿ, ಅಮ್ಮ” ಅಂದರು.

“ಗುಜರಿಗೆ ಯಾಕಜ್ಜಿ? ಪಕ್ಕದಲ್ಲೇ ಲಿನಕ್ಸ್ ಹಾಕೋಣ. ತಾತನ ವಿಂಡೋಸ್ ಹಾಗೇ ಇರುತ್ತೆ” ಅಂದ ಮೊಮ್ಮಗ.

ಕಂಪ್ಯೂಟರಿನ ಸಂಸಾರ ನಡೆಸುವ ಯಜಮಾನಿಯೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಅಂಥದ್ದೊಂದು, ಲಿನಕ್ಸ್ ಇನ್ನೊಂದು. ಲಿನಕ್ಸನ್ನು 1991ರಲ್ಲಿ ಶುರುಮಾಡಿದ ಲೀನಸ್ ಟೋರ್ವಾಲ್ಡ್ಸ್ ಆಗ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21ರ ಹುಡುಗ. ಅದರ ಒಳಗುಟ್ಟನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ನಾವು ಆರಿಸಿದ ‘ಲಿನಕ್ಸ್ ಮಿಂಟ್’ಗೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ.

ಭಾನುವಾರ ಬೆಳಗ್ಗೆ ಕೆಲಸ ಶುರುವಾಯಿತು. ಮೊದಲು ತಾತನ ಫೈಲುಗಳನ್ನೆಲ್ಲ ಬೇರೊಂದು ಪೆನ್‌ಡ್ರೈವಿಗೆ ನಕಲು ಮಾಡಿಸಿದೆ. ಆಮೇಲೆ ಅವನು ವಿಂಡೋಸ್‌ನಲ್ಲೇ ಹಾರ್ಡ್‌ಡಿಸ್ಕಿನ ಜಾಗ ಕುಗ್ಗಿಸಿ 100 ಜಿಬಿ ಖಾಲಿ ಬಿಡಿಸಿದ. ಹಾಲಿನ ನಡುವೆ ಗೋಡೆ ಎಬ್ಬಿಸಿ ಹೊಸ ಬಾಡಿಗೆದಾರರಿಗೆ ಕೋಣೆ ಮಾಡಿಕೊಟ್ಟ ಹಾಗೆ. ಇನ್ನೊಂದು ಪೆನ್‌ಡ್ರೈವಿನಿಂದ ಮಿಂಟನ್ನು ಚಾಲೂ ಮಾಡಿ, ಏನನ್ನೂ ಹಾಕದೆಯೇ ಅರ್ಧ ಗಂಟೆ ಓಡಿಸಿ ನೋಡಿದೆವು. ಪರದೆ, ಸ್ಪೀಕರ್, ಇಂಟರ್ನೆಟ್ ಎಲ್ಲ ಸರಿಯಿತ್ತು.

ನನ್ನ ಎದೆ ಹೊಡೆದುಕೊಂಡದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಪರದೆಯ ಮೇಲೆ ಎರಡು ಆಯ್ಕೆ. ಒಂದು, ವಿಂಡೋಸ್ ಜೊತೆಯಲ್ಲೇ ಹಾಕು. ಇನ್ನೊಂದು, ಡಿಸ್ಕ್ ಪೂರ್ತಿ ಅಳಿಸಿ ಹಾಕು. ಮೊಮ್ಮಗ ಮಾತಾಡುತ್ತಾ ಎರಡನೆಯದನ್ನೇ ಆರಿಸಿಬಿಟ್ಟಿದ್ದ.

“ಪುಟ್ಟಾ, ತಡಿ! ಏನು ಬರೆದಿದೆ, ಜೋರಾಗಿ ಓದು.”

ಓದಿದ. ಮುಖ ಬಿಳಿಚಿಕೊಂಡಿತು. ಮುಂದುವರಿಯುವ ಗುಂಡಿ ಒತ್ತಿರಲಿಲ್ಲವಾದ್ದರಿಂದ ಬಚಾವಾದೆವು. ಅಲ್ಲಿಂದಾಚೆ ಪ್ರತಿ ಸಾಲನ್ನೂ ಅವನು ಗಟ್ಟಿಯಾಗಿ ಓದಬೇಕು, ನಾನು ‘ಹೂಂ’ ಅನ್ನಬೇಕು, ಆಮೇಲೆ ಒತ್ತಬೇಕು ಎಂದು ನಿಯಮವಾಯಿತು.

ಈಗ ಕಂಪ್ಯೂಟರ್ ಹಚ್ಚಿದೊಡನೆ ‘ಗ್ರಬ್’ ಎಂಬ ಬಾಗಿಲು ಕಾಯುವವನು ಬಂದು ಯಾರ ಮನೆಗೆ ಎಂದು ಕೇಳುತ್ತಾನೆ. ಲಿನಕ್ಸೋ ವಿಂಡೋಸೋ ಹೇಳಿದರೆ ಒಳಗೆ ಬಿಡುತ್ತಾನೆ. ಸುಮ್ಮನಿದ್ದರೆ ಕೆಲವು ಸೆಕೆಂಡು ಕಾದು ತಾನೇ ಲಿನಕ್ಸ್ ಬಾಗಿಲು ತೆರೆಯುತ್ತಾನೆ.

ಕೀಬೋರ್ಡಿನ ಪಟ್ಟಿಯಲ್ಲಿ ಕನ್ನಡ ಹುಡುಕುತ್ತಿದ್ದವನು ನಿಲ್ಲಿಸಿ ಕೇಳಿದ, “ಅಜ್ಜಿ, ಕಗಪ ಅಂದ್ರೇನು?” ನನಗೆ ನಗು ಬಂತು. ಕನ್ನಡ ಗಣಕ ಪರಿಷತ್ತು! ‘ನುಡಿ’ಯನ್ನು ರೂಪಿಸಿದ, ನಮ್ಮ ಚಾಮರಾಜಪೇಟೆಯದೇ ಸಂಸ್ಥೆ. ಅದರ ಹೆಸರು ಲಿನಕ್ಸಿನೊಳಗೆ ಕೂತಿದೆ. ಕೆ.ಪಿ. ರಾವ್ ಅವರ ಕೀಲಿಮಣೆಯ ಜಾಡಿನದೇ ಅದು. ಯಜಮಾನರ ಬೆರಳಿಗೆ ರೂಢಿಯಾಗಿದ್ದದ್ದೂ ಅದೇ.

ಆ ಸಂತೋಷದಲ್ಲೇ ಅವರ ಮೊದಲ ಫೈಲನ್ನು ಲಿನಕ್ಸಿನಲ್ಲಿ ತೆರೆಸಿದೆ. ಕನ್ನಡದ ಒಂದಕ್ಷರವೂ ಇಲ್ಲ! ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಎಲ್ಲ ಹೋಯಿತೆಂದು ನಾನು ಕುಸಿದು ಕೂತೆ.

ಏನೂ ಹೋಗಿರಲಿಲ್ಲ. ಹಳೆಯ ‘ನುಡಿ’ ಬರಹದಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಕಡೆ ಬರೀ ಇಂಗ್ಲಿಷ್ ಕಾಣುತ್ತದೆ. ಯುನಿಕೋಡ್ ಹಾಗಲ್ಲ, ಅದರಲ್ಲಿ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. ‘ಕ’ದ ಸಂಖ್ಯೆ 3221, ಯಾವ ದೇಶದ ಯಾವ ಕಂಪ್ಯೂಟರಿನಲ್ಲೂ ಅಷ್ಟೇ.

ಮತ್ತೆ ವಿಂಡೋಸ್ ಮನೆಗೆ ಹೋದೆವು. ಸಂಜೆ ನಾಲ್ಕಾಗಿದ್ದರೆ ಅಲ್ಲಿನ ಗಡಿಯಾರ ಬೆಳಗ್ಗೆ ಹತ್ತೂವರೆ ತೋರಿಸುತ್ತಿತ್ತು. ಕಂಪ್ಯೂಟರಿನ ಗಡಿಯಾರವನ್ನು ಲಿನಕ್ಸ್ ವಿಶ್ವಕಾಲಕ್ಕೆ ಇಟ್ಟುಕೊಂಡರೆ ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯ ಅಂದುಕೊಳ್ಳುತ್ತದೆ. ಭಾರತದ ಸಮಯ ಐದೂವರೆ ಗಂಟೆ ಮುಂದೆ ಇರುವುದರಿಂದ ಈ ಗಲಿಬಿಲಿ. ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟು ಅದನ್ನೂ ಸರಿಮಾಡಿದ.

ತಾತನ ಬರಹ ಅಲ್ಲಿ ಅಚ್ಚುಕಟ್ಟಾದ ಕನ್ನಡದಲ್ಲೇ ಇತ್ತು. ಪರಿವರ್ತಕದಿಂದ ಅದನ್ನು ಯುನಿಕೋಡಿಗೆ ತಿರುಗಿಸಿ ಲಿನಕ್ಸಿನಲ್ಲಿ ತೆರೆದೆವು. ಮೊಮ್ಮಗ ತಡವರಿಸುತ್ತಾ ಓದಿದ. ವಠಾರದ ನಲ್ಲಿಯ ಮುಂದೆ ಸಾಲಿಗಿಟ್ಟ ಕೊಡಗಳನ್ನು ಹುಡುಗನೊಬ್ಬ ರಾತ್ರೋರಾತ್ರಿ ಅದಲುಬದಲು ಮಾಡಿದ ಕತೆ.

“ತಾತ ಅಷ್ಟೊಂದು ತುಂಟ ಆಗಿದ್ರಾ ಅಜ್ಜಿ?”

ನನಗೂ ಗೊತ್ತಿರಲಿಲ್ಲ. ಈಗ ದಿನಕ್ಕೆರಡು ಪುಟ ಓದುತ್ತಿದ್ದೇವೆ.

ನೀವೂ ಮಾಡುವುದಾದರೆ

• ಮುಖ್ಯ ಫೈಲುಗಳ ನಕಲು ಕಂಪ್ಯೂಟರಿನ ಹೊರಗೆ ಇರಲಿ.

• ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ.

• ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಇಲ್ಲದಿದ್ದರೆ ಅದು ಅರೆನಿದ್ದೆಯಲ್ಲೇ ಇರುತ್ತದೆ.

• ಬೆಂಬಲ ನಿಂತ ವಿಂಡೋಸ್‌ಗೆ ಇಂಟರ್ನೆಟ್ ಕೊಡಬೇಡಿ. ಅದಕ್ಕೆ ಲಿನಕ್ಸ್ ಇದೆಯಲ್ಲ!