ಪೇಂಟಿಂಗ್ ಚಾರ್ಜು ಯಾವ ಕಾನೂನಿನಲ್ಲಿದೆ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವಾಗ ನಮಗಿರುವ ಜಾಗ್ರತೆ ಬಿಡುವಾಗ ಇರುವುದಿಲ್ಲ. ಲಾರಿಯವನ ಜೊತೆ ಚೌಕಾಸಿ, ಮಕ್ಕಳ ಸ್ಕೂಲ್ ವ್ಯಾನು, ಹೊಸ ಮನೆಗೆ ಒಳ್ಳೆಯ ದಿನ ನೋಡುವುದು, ಇಷ್ಟರಲ್ಲೇ ತಿಂಗಳು ಮುಗಿಯುತ್ತದೆ. ಕೊನೆಗೆ ಓನರ್ ಹೇಳಿದ ಲೆಕ್ಕಕ್ಕೆ ತಲೆಯಾಡಿಸಿ ಬೀಗದ ಕೈ ಕೊಟ್ಟು ಬರುತ್ತೇವೆ. ಆ ಲೆಕ್ಕದ ಮೊದಲ ಸಾಲೇ ಪೇಂಟಿಂಗ್.

"ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಹಿಡ್ಕೋತೀವಿ, ಎಲ್ಲಾ ಕಡೆ ಇದೇ ರೂಲ್ಸು" ಎನ್ನುತ್ತಾರೆ. ಅಂಥ ರೂಲ್ಸು ಯಾವ ಕಾಯ್ದೆಯಲ್ಲೂ ಇಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಹೇಳುವುದು ಇಷ್ಟು: ಮನೆ ಕೈಗೆ ಬಂದಾಗ ಹೇಗಿತ್ತೋ ಅದೇ ಸ್ಥಿತಿಯಲ್ಲಿ ಒಪ್ಪಿಸಬೇಕು, ವಾಸದಿಂದ ಆಗುವ ಸಹಜ ಸವೆತ ಇದಕ್ಕೆ ಹೊರತು. ಮೂರು ವರ್ಷಕ್ಕೆ ಮಾಸಿದ ಗೋಡೆ, ಬಿಸಿಲಿಗೆ ಕಂದಿದ ಬಣ್ಣ ಸಹಜ ಸವೆತವೇ. ಆದರೆ ಮಗುವಿನ ಹುಟ್ಟುಹಬ್ಬಕ್ಕೆ ಬಲೂನು ಅಂಟಿಸಿದ ಟೇಪು ಕೀಳುವಾಗ ಜೊತೆಗೇ ಎದ್ದು ಬಂದ ಬಣ್ಣ ಸಹಜ ಸವೆತವಲ್ಲ. ಬಂದ ಮಕ್ಕಳು ಗೋಡೆಗೆ ಒರೆಸಿ ಹೋದ ಕೇಕಿನ ಕ್ರೀಮೂ ಅಲ್ಲ. ಅದು ನಮ್ಮ ಖರ್ಚು, ತಕರಾರಿಲ್ಲದೆ ಕೊಡಬೇಕು.

ಇಲ್ಲೊಂದು ತೊಡಕಿದೆ. ಕರಾರಿನಲ್ಲಿ ಬೇರೆ ಮಾತಿದ್ದರೆ, ಅಥವಾ ಊರ ರೂಢಿ ಬೇರೆ ಇದ್ದರೆ, ಅದಕ್ಕೆ ಅದೇ ಸೆಕ್ಷನ್ ಜಾಗ ಬಿಟ್ಟುಕೊಟ್ಟಿದೆ. "ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ" ಎಂಬ ಸಾಲಿನ ಕೆಳಗೆ ಸಹಿ ಹಾಕಿದ್ದರೆ ವಾದಕ್ಕೆ ಬಲ ಉಳಿಯುವುದಿಲ್ಲ. ಚೌಕಾಸಿ ಮಾಡಬೇಕಾದದ್ದು ಒಳಗೆ ಬರುವಾಗ, ಹೊರಡುವಾಗ ಅಲ್ಲ. "ಬಿಲ್ ತೋರಿಸಿದಷ್ಟು ಮಾತ್ರ" ಎಂದು ಬರೆಸಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯಿತು. ಬಾಡಿಗೆಯನ್ನು ಬಣ್ಣದ ಅಳತೆಗೋಲು ಮಾಡಿದ್ದೇ ವಿಚಿತ್ರ. ಕೆಂಗೇರಿಯ ಎರಡು ಬೆಡ್‌ರೂಮಿಗೂ ಇಂದಿರಾನಗರದ ಎರಡು ಬೆಡ್‌ರೂಮಿಗೂ ಬೇಕಾಗುವ ಬಣ್ಣ ಹೆಚ್ಚುಕಡಿಮೆ ಒಂದೇ. ತಾನು ಯಾವ ಏರಿಯಾದಲ್ಲಿದ್ದೇನೆ ಎಂಬುದು ಗೋಡೆಗೇನು ಗೊತ್ತು?

ವಾಟ್ಸಾಪಿನಲ್ಲಿ ಸುತ್ತುವ ಇನ್ನೊಂದು ನಂಬಿಕೆ, ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ ಎಂಬುದು. ಆ ಮಾತು ಇರುವುದು 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಓನರ್ ಪಾಲು. ನಲ್ಲಿ, ಸ್ವಿಚ್ಚು, ಗೀಸರ್ ರಿಪೇರಿ ಬಾಡಿಗೆದಾರನ ಪಾಲು ಎಂದೂ ಅದರಲ್ಲಿ ಹಂಚಿಕೆಯಿದೆ. ಮನೆ ಒಪ್ಪಿಸಿದ ದಿನವೇ ಅಡ್ವಾನ್ಸ್ ವಾಪಸ್ ಬರಬೇಕು ಎಂದೂ ಇದೆ. ಚೆನ್ನಾಗಿಯೇ ಇದೆ, ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ತನ್ನದೇ ಕಾಯ್ದೆಯಾಗಿ ತರುವವರೆಗೆ ಅದನ್ನು ಹಿಡಿದು ಓನರ್ ಮುಂದೆ ನಿಲ್ಲುವಂತಿಲ್ಲ. ಹಾಗಾದರೆ ಕರ್ನಾಟಕ ಬಾಡಿಗೆ ಕಾಯ್ದೆ, 1999? ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಆ ಕಾಯ್ದೆ ಮೊದಲೇ ಹೊರಗಿಟ್ಟಿದೆ. ಆ ದುಡ್ಡಿಗೆ ಈಗ ಬೈಕ್ ನಿಲ್ಲಿಸಲು ಶೆಡ್ಡು ಸಿಕ್ಕರೆ ಪುಣ್ಯ. ಹೀಗಾಗಿ ಬಹುಪಾಲು ಜನರ ಮಟ್ಟಿಗೆ ಕೈಯಲ್ಲಿರುವ ಅಗ್ರಿಮೆಂಟೇ ಆಧಾರ.

ಆ ಅಗ್ರಿಮೆಂಟಿನ ಬಗ್ಗೆಯೂ ತಪ್ಪು ಕಲ್ಪನೆಗಳಿವೆ. 11 ತಿಂಗಳು ಮುಗಿದ ಮೇಲೆ ಓನರ್ ಯಾವಾಗ ಬೇಕಾದರೂ ಹೊರಗೆ ಹಾಕಬಹುದು, ನಾವೂ ಹೇಳದೆ ಕೇಳದೆ ಹೋಗಬಹುದು ಎಂದುಕೊಂಡವರಿದ್ದಾರೆ. 11 ತಿಂಗಳ ಲೆಕ್ಕ ಹುಟ್ಟಿದ್ದೇ ಬೇರೆ ಕಾರಣಕ್ಕೆ: ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದರ ಖರ್ಚು ಯಾರಿಗೂ ಬೇಡ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗುತ್ತದೆ. ಅದನ್ನು ಮುಗಿಸಲು ಎರಡೂ ಕಡೆಯವರು ಕನಿಷ್ಠ 15 ದಿನದ ನೋಟಿಸ್ ಕೊಡಬೇಕು. ಕರಾರಿನಲ್ಲಿ ಒಂದು ಅಥವಾ ಎರಡು ತಿಂಗಳು ಎಂದಿದ್ದರೆ ಅಷ್ಟೇ ಕೊಡುವುದು ಕ್ಷೇಮ. ಮೆಟ್ಟಿಲ ಹತ್ತಿರ ಸಿಕ್ಕಾಗ "ಅಂಕಲ್, ಮುಂದಿನ ತಿಂಗಳು ಖಾಲಿ ಮಾಡ್ತೀವಿ" ಎಂದದ್ದಕ್ಕೆ ಸಾಕ್ಷಿಯಿರುವುದಿಲ್ಲ. ಬರೆದು ಕಳಿಸಿ.

"ಅಡ್ವಾನ್ಸ್ ಅವರ ಹತ್ರಾನೇ ಇದೆಯಲ್ಲ, ಕೊನೇ ಎರಡು ತಿಂಗಳು ಬಾಡಿಗೆ ಕೊಡಲ್ಲ." ಇದು ಹಕ್ಕಲ್ಲ, ಓನರ್ ಒಪ್ಪಿದರೆ ಆಗುವ ಹೊಂದಾಣಿಕೆ. ಆದರೂ ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ, ಕೇಳಿ ನೋಡಬೇಕು. ಹತ್ತು ತಿಂಗಳ ಅಡ್ವಾನ್ಸ್ ಇಟ್ಟುಕೊಂಡು "ಹೊಸ ಬಾಡಿಗೆದಾರರು ಬಂದ ಮೇಲೆ ಕೊಡ್ತೀನಿ" ಎನ್ನುವ ಓನರುಗಳಿಗೆ ಈ ಊರಲ್ಲಿ ಬರವಿಲ್ಲ. ಒಪ್ಪಿದರೆ ಅದನ್ನೂ ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಉಳಿದವು ಸಣ್ಣವು. ಗೃಹಜ್ಯೋತಿ ನಮ್ಮ ಹಿಂದೆ ತಾನಾಗಿ ಹೊಸ ಮನೆಗೆ ಬರುವುದಿಲ್ಲ. ಹಳೆಯ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿ, ಹೊಸ ನಂಬರಿಗೆ ಮತ್ತೆ ಅರ್ಜಿ ಹಾಕಬೇಕು. ಗ್ಯಾಸ್ ಸಿಲಿಂಡರನ್ನು ಒಂದೇ ಊರೊಳಗೆ ಹೋಗುವವರು ವಾಪಸ್ ಕೊಡಬೇಕಿಲ್ಲ, ಏಜೆನ್ಸಿ ಬದಲಾಯಿಸಿಕೊಂಡರಾಯಿತು. ಬೇರೆ ಊರಿಗಾದರೆ ಸಿಲಿಂಡರ್, ರೆಗ್ಯುಲೇಟರ್ ಕೊಟ್ಟು ಡೆಪಾಸಿಟ್ ಹಿಂಪಡೆಯಬೇಕು. ಬಾಡಿಗೆ ತಿಂಗಳಿಗೆ 50,000 ರೂಪಾಯಿ ಮೀರಿದ್ದರೆ ಟಿಡಿಎಸ್ ಮುರಿಯುವ ಹೊಣೆ ಬಾಡಿಗೆದಾರನದು. ವರ್ಷದ ನಡುವೆ ಮನೆ ಬಿಡುವವರು ಅದನ್ನು ಕೊನೆಯ ತಿಂಗಳ ಬಾಡಿಗೆಯಲ್ಲೇ ಮುರಿಯಬೇಕು, ಮಾರ್ಚ್‌ವರೆಗೆ ಕಾಯುವಂತಿಲ್ಲ.

ಅಡ್ವಾನ್ಸ್ ಬರದಿದ್ದರೆ ಸ್ಟೇಷನ್ನಿಗೆ ಹೋದರೆ ಸಾಕು ಎಂಬ ನಂಬಿಕೆಯೂ ಇದೆ. ಅಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ "ಇದು ಸಿವಿಲ್ ಮ್ಯಾಟರ್". ದಾರಿ ಇರುವುದು ವಕೀಲರ ನೋಟಿಸ್, ಆಮೇಲೆ ಹಣ ವಸೂಲಿಯ ದಾವೆ. ಅದಕ್ಕೂ ಸಾಮಾನ್ಯವಾಗಿ 3 ವರ್ಷದ ಗಡುವು. ಅಡ್ವಾನ್ಸನ್ನು ನಗದಾಗಿ ಕೊಡದೆ ಬ್ಯಾಂಕಿನಿಂದ ಕಳಿಸಿದ್ದು, ಬಂದ ದಿನ ಮತ್ತು ಬಿಡುವ ದಿನ ಗೋಡೆ, ನೆಲ, ಸಿಂಕು, ಮೀಟರಿನ ಫೋಟೋ ತೆಗೆದಿದ್ದು, ಬೀಗದ ಕೈ ಒಪ್ಪಿಸಿದ್ದಕ್ಕೆ ಒಂದು ಸಾಲಿನ ರಸೀದಿ ಪಡೆದಿದ್ದು: ವಕೀಲರು ಮೊದಲು ಕೇಳುವುದು ಇವನ್ನೇ.