ಸುಮ್ಮನಿದ್ದಳೆಂದರೆ ಒಪ್ಪಿದಳೆಂದಲ್ಲ!

ಯಾದಗಿರಿ, ಶಹಾಪುರ, ಸುರಪುರ... ಊರು ಯಾವುದೇ ಇರಲಿ, ಕನ್ಯಾ ನೋಡಲು ಬಂದವರಿಗೆ ಸುಸಲಾ, ಚಹಾ ಆಗುತ್ತದೆ. ಬಂಗಾರ ಎಷ್ಟು ತೊಲ, ಹೊಲ ಎಷ್ಟು ಎಕರೆ, ಕಾಲುವೆ ನೀರು ಬರುತ್ತದೋ ಇಲ್ಲವೋ, ಎಲ್ಲದರ ವಿಚಾರಣೆ ನಡೆಯುತ್ತದೆ. ಹುಡುಗಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. "ಅಕಿಗೇನು ಕೇಳೋದದ? ಸುಮ್ನ ಕುಂತಾಳಲ್ಲ, ಒಪ್ಪಿಗಿ ಅದ ಅಂತನೇ ಅರ್ಥ" ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಮೌನವೇ ಸಮ್ಮತಿ ಎಂಬ ಹಳೇ ಮಾತು ಬೇರೆ ಬೆನ್ನಿಗಿದೆ!

ಆದರೆ ತನ್ನ ಮೈಯ ಬಗ್ಗೆ ಏನೂ ತಿಳಿಯದ ಹುಡುಗಿ 'ಹೂಂ' ಅಂದರೂ ಅದು ಯಾತರ ಒಪ್ಪಿಗೆ? ಮೊದಲು ತಿಳಿವಳಿಕೆ, ಆಮೇಲೆ ಒಪ್ಪಿಗೆ. ಆ ತಿಳಿವಳಿಕೆಯನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸಲು ಹೊರಟವರು ಡಾ. ಅನುಪಮಾ ನಿರಂಜನ.

ವೆಂಕಟಲಕ್ಷ್ಮಿ ಅನುಪಮಾ ಆದದ್ದು

1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದಾಗ ಇಟ್ಟ ಹೆಸರು ವೆಂಕಟಲಕ್ಷ್ಮಿ. ಮೈಸೂರಿನಲ್ಲಿ ಡಾಕ್ಟರಿಕೆ ಓದಿದರು. ಕಾದಂಬರಿಕಾರ ನಿರಂಜನರನ್ನು ಮದುವೆಯಾದರು. ಧಾರವಾಡದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ವೈದ್ಯೆಯಾಗಿದ್ದರು. ಒಂದು ಕೈಯಲ್ಲಿ ಸ್ಟೆತಸ್ಕೋಪು, ಇನ್ನೊಂದರಲ್ಲಿ ಪೆನ್ನು.

ಕಾದಂಬರಿ, ಮಕ್ಕಳ ಕಥೆ ಬರೆದು ಹೆಸರಾದವರು ಅಷ್ಟಕ್ಕೇ ನಿಲ್ಲಲಿಲ್ಲ. ಬಸುರಿ ಬಾಣಂತಿಯರಿಗೆ 'ತಾಯಿ ಮಗು', ಗಂಡ ಹೆಂಡಿರಿಗೆ 'ದಾಂಪತ್ಯ ದೀಪಿಕೆ', ಮದುವೆಯಾಗುವವಳಿಗೆ 'ವಧುವಿಗೆ ಕಿವಿಮಾತು', ಬೆಳೆಯುವ ಹುಡುಗಿಗೆ 'ಕೇಳು ಕಿಶೋರಿ'. ಮಂದಿ ಮುಂದೆ ಆಡಬಾರದೆಂದು ಸೆರಗಿನ ಮರೆಗೆ ಸರಿಸಿದ್ದ ಸಂಗತಿ, ಅಂಗಡಿಯಲ್ಲಿ ರೊಕ್ಕ ಕೊಟ್ಟು ಕೊಳ್ಳುವ ಪುಸ್ತಕವಾಯಿತು. ಇಂಗ್ಲಿಷ್ ಬಾರದ ತಾಯಂದಿರೂ ಓದಿದರು.

1976ರ ಅವರ ಕಾದಂಬರಿ 'ಮಾಧವಿ'ಯ ವಸ್ತು ಮಹಾಭಾರತದ್ದು. ಗಾಲವನಿಗೆ ಗುರುದಕ್ಷಿಣೆಗೆ 800 ಕುದುರೆ ಬೇಕು. ಯಯಾತಿಯ ಹತ್ತಿರ ಕುದುರೆ ಇಲ್ಲ, ಮಗಳಿದ್ದಾಳೆ. ಎತ್ತಿ ಕೊಟ್ಟೇಬಿಟ್ಟ! ಮೂವರು ರಾಜರು ತಲಾ 200 ಕುದುರೆ ಕೊಟ್ಟು ಅವಳಿಂದ ಒಂದೊಂದು ಮಗು ಪಡೆದರು. ಉಳಿದ 200ರ ಬದಲಿಗೆ ಗುರು ವಿಶ್ವಾಮಿತ್ರನೇ ಅವಳನ್ನು ಇಟ್ಟುಕೊಂಡ. ಕೊನೆಗೆ ಸ್ವಯಂವರ ಮಾಡಿದರೆ ಅವಳು ಆರಿಸಿಕೊಂಡದ್ದು ಗಂಡನ್ನಲ್ಲ, ಕಾಡನ್ನು. ಕುದುರೆ ಲೆಕ್ಕ ಎಲ್ಲರಿಗೂ ನೆನಪಿತ್ತು. ಕೊಡುವಾಗ ಅಪ್ಪ ಅವಳನ್ನು ಒಂದು ಮಾತು ಕೇಳಿದನೇ?

ಕಾಯ್ದೆ ಏನನ್ನುತ್ತದೆ?

ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ. ಕರ್ನಾಟಕ ತಂದ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲ ಗಳಿಗೆಯಿಂದಲೇ ಅಸಿಂಧು. 2012ರ ಪೋಕ್ಸೊ ಕಾಯ್ದೆ ಬಂದಮೇಲೆ 18 ತುಂಬದವರ ವಿಷಯದಲ್ಲಿ 'ಅವಳೇ ಒಪ್ಪಿದ್ದಳು' ಎಂಬ ಮಾತು ನಡೆಯುವುದಿಲ್ಲ. ತಾಳಿ ಕಟ್ಟಿದ ಗಂಡನಿಗೂ ವಿನಾಯಿತಿ ಇಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ. ಸೋದರಮಾವನಾದರೂ ಅಷ್ಟೇ, ಗುಳೆ ಹೋಗುವ ಮುಂಚೆ ಜವಾಬ್ದಾರಿ ಕಳೆದುಕೊಳ್ಳೋಣ ಎಂದರೂ ಅಷ್ಟೇ. ಕಂಡವರು 1098ಕ್ಕೆ ಫೋನ್ ಮಾಡಬಹುದು.

18 ದಾಟಿದ ಹೆಂಡತಿಯ ವಿಷಯ ಬಂದರೆ? ಅಲ್ಲಿ ಬಲಾತ್ಕಾರವನ್ನು ಅತ್ಯಾಚಾರವೆಂದು ಕರೆಯಲು ಕಾಯ್ದೆ ಇನ್ನೂ ಹಿಂಜರಿಯುತ್ತಿದೆ. ಪೊಲೀಸರು ಕಾಲಿಡದ ಆ ಕೋಣೆಯಲ್ಲಿ ಕಾಯುವುದು ಗಂಡ ಹೆಂಡಿರ ತಿಳಿವಳಿಕೆ ಒಂದೇ.

ಕಲಿಸುವವರು ಯಾರು? ಶಾಲೆಯೇ? ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ 2007ರಲ್ಲಿ ಕರ್ನಾಟಕ ಸೇರಿ ಹಲವು ರಾಜ್ಯಗಳು 'ಮಕ್ಕಳು ಕೆಡುತ್ತಾರೆ' ಎಂಬ ಕೂಗಿಗೆ ಮಣಿದು ಬೇಡವೆಂದವು. ಮನೆಯೇ? ಅಲ್ಲಿ ಆ ಮಾತೆತ್ತಿದರೆ ತಾಯಿ ಬೈಯುತ್ತಾಳೆ, ತಂದೆ ಎದ್ದುಹೋಗುತ್ತಾನೆ. ಮೆಡಿಕಲ್ ಅಂಗಡಿಯಲ್ಲಿ ಪ್ಯಾಡಿನ ಪೊಟ್ಟಣವನ್ನು ಕಳವಿನ ಮಾಲಿನಂತೆ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಉಳಿದದ್ದು ಮೊಬೈಲು. ಅದು ಕಲಿಸುವ ಪಾಠದಲ್ಲಿ 'ಕೇಳಿ ಮುಟ್ಟು' ಎಂಬುದು ಎಲ್ಲಿರುತ್ತದೆ?

ಪರಿಣಾಮ ಬೇಕಿದ್ದರೆ ಸಂಜೆ ಬಸ್ಸಿನಲ್ಲೇ ನೋಡಬಹುದು. ಕಾಲೇಜು ಹುಡುಗಿ ನಿಂತಿದ್ದಾಳೆ. ರಶ್ಶಿನ ನೆಪದಲ್ಲಿ ಒಬ್ಬ ಮೈಗೆ ಮೈ ಒರೆಸುತ್ತಾನೆ. ಹುಡುಗಿ ಹೆದರಿ ಬಾಯಿ ಬಿಡುವುದಿಲ್ಲ, ಸರಿಯುತ್ತಾಳೆ. ಅದು ಒಪ್ಪಿಗೆಯೇ? ಪಕ್ಕದಲ್ಲಿ ನಿಂತವರಿಗೆ ಗೊತ್ತಿರುತ್ತದೆ. "ನಮಗ್ಯಾಕ ಬೇಕು" ಎಂದು ಕಿಟಕಿ ಆಚೆ ನೋಡುತ್ತಾರೆ.

ಡಾ. ಅನುಪಮಾ 1991ರ ಫೆಬ್ರುವರಿಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಪುಸ್ತಕಗಳಲ್ಲಿ ಔಷಧಿಯ ಮಾತು ಅಲ್ಲಲ್ಲಿ ಹಳತಾಗಿದ್ದೀತು. ಹುಡುಗಿಗೆ ತಿಳಿಸಬೇಕು ಎಂಬ ಹಟ ಹಳತಾಗಿಲ್ಲ. ಮದುವೆಗೆ ಸ್ಟೀಲ್ ತಾಟು ಆಹೇರಿ ಮಾಡುವವರು ಜೊತೆಗೊಂದು ಇಂಥ ಪುಸ್ತಕವನ್ನೂ ಇಡಲಿ. ಅದಕ್ಕೂ ಮೇಲಾದದ್ದು, ಮಗಳು ಹೈಸ್ಕೂಲು ಮೆಟ್ಟಿಲು ಹತ್ತಿದ ವರ್ಷವೇ ಅವಳ ಕೈಗೆ ಕೊಡುವುದು. ಓದಿದ್ದನ್ನು ಮಗನಿಗೂ ಹೇಳುವುದು. ಬೇಡ ಅನ್ನಲು ಬರುವ ಹುಡುಗಿ ಹೂಂ ಅಂದಾಗ ಮಾತ್ರ ಆ ಮಾತಿಗೆ ಬೆಲೆ!